ಮಾದೇವಮ್ಮನಿಗೆ ಬೇಡವಾದ ಡಬ್ಬ

ನಾನು ಮದುವೆ ಮನೆಗಳಲ್ಲಿ ಸೋಬಾನೆ ಪದ ಹೇಳುತ್ತಿದ್ದವಳು. ಊರು ಚಾಮರಾಜನಗರದ ಪಕ್ಕದ ಹರದನಹಳ್ಳಿ. ಈಗ ಬರೆಯುತ್ತಿರುವುದು ಎರಡು ವರ್ಷದ ಹಿಂದಿನ ಮಾತು. ಸಂಕ್ರಾಂತಿ ಕಳೆದು ಲಗ್ನಗಳು ಶುರುವಾಗುವ ಹೊತ್ತು. ನಮ್ಮದು ನಾಲ್ಕು ಹೆಂಗಸರ ಗುಂಪು, ಅದಕ್ಕೆ ನಾನೇ ಮುಂದಾಳು.

ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಈಗ ಮದುವೆಗೆ ಹೋಗುವವರಿಗೆ ಊಟದ ಹಾಲ್ ಯಾವ ಕಡೆ ಎಂಬುದು ಬಿಟ್ಟು ಬೇರೆ ಗೊತ್ತಿರುವುದಿಲ್ಲ. ಅರಿಸಿನ ಕುಟ್ಟುವಾಗ ಒಂದು ಪದ, ಬಳೆ ತೊಡಿಸುವಾಗ ಒಂದು, ಹೆಣ್ಣನ್ನು ಹಸೆಗೆ ಕರೆಯುವಾಗ ಒಂದು, ಧಾರೆ ಎರೆಯುವಾಗ ಒಂದು. ಮುಂದೆ ಕೂತ ಇಬ್ಬರು ಸಾಲು ಹೇಳುತ್ತಾರೆ. ಹಿಂದೆ ಕೂತ ಇಬ್ಬರು ಅದನ್ನೇ ತಿರುಗಿಸಿ ಹೇಳುತ್ತಾರೆ. ಅದಕ್ಕೆ ಸೊಲ್ಲು ಕೊಡುವುದು ಎನ್ನುತ್ತೇವೆ. ಸೊಲ್ಲು ಜೋಡಿ ದನಿಯಲ್ಲೇ ಬರಬೇಕು. ಒಂಟಿ ದನಿ ಸಾವಿನ ಮನೆಗೆ, ಮದುವೆ ಮನೆಗಲ್ಲ. ಇದು ನನ್ನ ಅತ್ತೆ ಹಾಕಿಕೊಟ್ಟ ಕಟ್ಟು. ಒಬ್ಬಳಿಗೆ ಜ್ವರ ಬಂದ ದಿನ ಅಡುಗೆ ಮನೆಯಿಂದ ಯಾವಳನ್ನಾದರೂ ಎಳೆತಂದು ಕೂರಿಸಿದ್ದುಂಟು, ಒಂಟಿ ಸೊಲ್ಲು ಕೊಟ್ಟದ್ದಿಲ್ಲ.

ಮುಂದೆ ನಾನು ಮತ್ತು ಚಿಕ್ಕತಾಯಮ್ಮ. ಹಿಂದೆ ಸಿದ್ದಮ್ಮ ಮತ್ತು ಮಾದೇವಮ್ಮ. ಈ ಮಾದೇವಮ್ಮ ನನಗಿಂತ ಚಿಕ್ಕವಳು, ತಮ್ಮನ ಮನೆಯಲ್ಲಿ ಇರುವವಳು. ಮದುವೆ ಮನೆಯವರು ಅವಳನ್ನು ಕರೆದೊಯ್ಯಲು ಬಾಗಿಲಿಗೆ ಕಾರು ತರುತ್ತಾರೆ ಎಂಬ ಒಂದೇ ಕಾರಣಕ್ಕೆ ತಮ್ಮನ ಹೆಂಡತಿ ಅವಳ ಮುಂದೆ ದನಿ ಎತ್ತುತ್ತಿರಲಿಲ್ಲ. ಕಾರು ಬರುವುದು ನಿಂತರೆ ಆ ಮನೆಯಲ್ಲಿ ಅವಳ ಜಾಗ ಕೊಟ್ಟಿಗೆ ಪಕ್ಕ ಎಂಬುದು ಊರಿಗೇ ಗೊತ್ತಿತ್ತು.

ಒಳ್ಳೆಯ ಲಗ್ನ ಬಂದರೆ ಒಂದೇ ದಿನ ಮೂರು ಮನೆಯವರು ನಮ್ಮನ್ನು ಕರೆಯುತ್ತಿದ್ದರು. ಒಂದು ಮನೆಗೆ ಹೋದರೆ ಮಿಕ್ಕವರು ಸಿನಿಮಾ ಹಾಡು ಹಾಕಿಕೊಳ್ಳುತ್ತಿದ್ದರು. ಹೆಣ್ಣು ತಲೆ ತಗ್ಗಿಸಿಕೊಂಡು ಹಸೆಗೆ ಬರುತ್ತಿರುತ್ತಾಳೆ, ಹಿಂದಿನಿಂದ ಯಾವನೋ ಕುಡಿದು ಕುಣಿಯುವ ಹಾಡು. ಅದಕ್ಕೆ ಅವಳ ಅಪ್ಪನೇ ಚಪ್ಪಾಳೆ ತಟ್ಟುತ್ತಾನೆ. ಇಂಥವರ ಮನೆಗೆ ನಾವು ಹೋಗದಿದ್ದದ್ದೇ ಒಳ್ಳೆಯದಾಯಿತು ಎಂದು ಸುಮ್ಮನಿರುತ್ತಿದ್ದೆ. ಆದರೆ ಆ ವರ್ಷ ಭೀಮನಬೀಡಿನ ರೈತರೊಬ್ಬರು, ಬಸಪ್ಪನವರು, ಮನೆಗೇ ಬಂದು ಕೂತರು. ಗುಂಡ್ಲುಪೇಟೆಯ ಕಲ್ಯಾಣ ಮಂಟಪದಲ್ಲಿ ಮಗಳ ಮದುವೆ. ಅದೇ ದಿನಕ್ಕೆ ನಾವು ಹರವೆ ಊರಿನ ಒಂದು ಮನೆಯವರಿಂದ ಎಲೆ ಅಡಿಕೆ ತೆಗೆದುಕೊಂಡು ಒಪ್ಪಿದ್ದೆವು.

"ನೀವು ಬರಕಾಗ್ದಿದ್ರೆ ಪದನಾದ್ರೂ ತುಂಬ್ಸಿ ಕಳ್ಸಿ ತಾಯಿ" ಅಂದರು. "ಪದ ಇಲ್ದೆ ಹೆಣ್ಣ ಈಚ್ಗೆ ಕಳ್ಸಕಿಲ್ಲ ಅಂತ ನಮ್ಮವ್ವ ಅಟ ಹಿಡ್ದು ಕುಂತವಳೆ."

ಒಪ್ಪಿಕೊಂಡೆ. ಪದ ತುಂಬಿಸಿ, ಸ್ಪೀಕರ್ ಅನ್ನುತ್ತಾರಲ್ಲ, ಹಾಡುವ ಅಂಥ ಒಂದು ಡಬ್ಬ ಕೊಂಡು, ನಾವು ಹೋಗಲಾಗದ ಮನೆಗೆ ಅದನ್ನು ಬಾಡಿಗೆಗೆ ಕಳಿಸುವುದು ಎಂದು ಮಾತಾಯಿತು. ಮೊಬೈಲಿನಲ್ಲೇ ಹಾಕಬಹುದಲ್ಲ ಎಂದು ಬುದ್ಧಿ ಹೇಳಲು ಬಂದವರು ಬೇಕಾದಷ್ಟು. ಧಾರೆ ಪದದ ನಡುವೆ ಸಾಲ ಬೇಕೇ ಎಂದು ಕೇಳುವವಳು ಫೋನ್ ಮಾಡುತ್ತಾಳೆ, ಆಗ ಹೆಣ್ಣಿನ ಕೈಗೆ ಹಾಲು ಎರೆಯುವುದೋ ಅವಳಿಗೆ ಉತ್ತರ ಹೇಳುವುದೋ?

ಮದುವೆ ವಿಡಿಯೋ ತೆಗೆಯುವವನೊಬ್ಬ ನಮ್ಮೂರಿಗೆ ಬಂದು ಶಾಲೆಯ ಕೋಣೆಯಲ್ಲಿ ಮೈಕ್ ಇಟ್ಟು ಪದ ತುಂಬಿಸಿಕೊಂಡ. ಯಾವ ಮನೆಗಾದರೂ ಆಗಲಿ ಎಂದು, ಹೆಸರು ಹೇಳುವ ಕಡೆ ಮಗಳು, ಅಳಿಯ ಎಂದಷ್ಟೇ ಹೇಳಿದೆವು. ಯಾವಾಗಲೂ ಕೂರುವ ಹಾಗೆ ಇಬ್ಬರು ಮುಂದೆ, ಇಬ್ಬರು ಹಿಂದೆ ಕೂತಿದ್ದೆವು. ಎಲ್ಲವನ್ನೂ ಪೆನ್‌ಡ್ರೈವಿಗೆ ಹಾಕಿಕೊಟ್ಟ.

ಇನ್ನು ಡಬ್ಬ. ಮೂರು ಸಾವಿರದ ಒಳಗೆ ಮುಗಿಯಬೇಕು ಎಂದು ನಾಲ್ಕು ಜನ ಕೂತು ತೀರ್ಮಾನ ಮಾಡಿದೆವು. ನಾನೊಬ್ಬಳೇ ಚಾಮರಾಜನಗರಕ್ಕೆ ಹೊರಟಿದ್ದೆ. ಮಾದೇವಮ್ಮ ತಾನೂ ಬರುತ್ತೇನೆ ಎಂದು ಬಸ್ ಹತ್ತಿದಳು. ದಾರಿಯುದ್ದಕ್ಕೂ ಒಂದೇ ಮಾತು: "ಜೋರಾಗಿ ಬರದ್ನೆ ತಕ್ಕಳನ ಕಣಕ್ಕ. ದಮ್ ದಮ್ ಅನ್ಬೇಕು. ಮಂಟಪ ದೊಡ್ಡದಂತೆ."

ಅಂಗಡಿಯವನು ಮೊದಲು ಇಳಿಸಿದ್ದು ಹಲಸಿನ ಹಣ್ಣಿನ ಗಾತ್ರದ ಡಬ್ಬ. ಅದರ ಬಾಯಿಯ ಸುತ್ತ ಕೆಂಪು, ಹಸಿರು, ನೀಲಿ ದೀಪ ಕುಣಿಯುತ್ತಿದ್ದವು. ಪದ ಕೇಳಬೇಕಾದವರು ಡಬ್ಬದ ಬಾಯಿ ಯಾಕೆ ನೋಡಬೇಕು? ದೀಪ ಕೂರಿಸಿದವನಿಗೆ ತನ್ನ ಡಬ್ಬದ ದನಿಯ ಮೇಲೆ ನಂಬಿಕೆ ಇಲ್ಲ ಎಂದೇ ನನ್ನ ಎಣಿಕೆ. ಪೆನ್‌ಡ್ರೈವ್ ಚುಚ್ಚಿದ. ಅಂಗಡಿಯ ಗಾಜು ಅದುರಿತು.

"ಬಾಸ್ ನೋಡಿ ಅಜ್ಜಿ, ಬಾಸ್" ಅಂದ. ಬಾಸ್ ಎಂದರೆ ತಮಟೆಯ ಹಾಗೆ ಗುದ್ದುವ ದಪ್ಪ ಸದ್ದು. "ಎದೆ ಅದುರ್ಬೇಕು, ಹಂಗಿದೆ."

"ಎದೆ ಅದುರ್ದೆ ಇರ್ಲಿ ಅಂತ ಡಾಕ್ಟ್ರು ನಂಗೆ ಮಾತ್ರೆ ಕೊಟ್ಟವ್ರೆ. ಪದ ಎಲ್ಲಪ್ಪ?"

ಪದ ಇರಲೇ ಇಲ್ಲ. ನಾಲ್ಕು ಹೆಂಗಸರು ನೆಲದಡಿ ರಾಗಿ ತುಂಬಿಡುವ ಹಗೇವಿನೊಳಗೆ ಬಿದ್ದು ಕೂಗಿದ ಹಾಗಿತ್ತು. ಮಾದೇವಮ್ಮ ಮಾತ್ರ ಮುಖ ಅರಳಿಸಿಕೊಂಡು ನಿಂತಿದ್ದಳು. "ಇದೇ ಚಂದಾಗದೆ ಕಣಕ್ಕ. ಇದ್ನೆ ತಕ್ಕಂಡು ಓಗನ. ಬಸ್ಸು ಬುಟ್ಟೋದದು."

ಎರಡನೆಯದು ಅಂಗೈಯಲ್ಲಿ ಹಿಡಿಸುವಂಥದ್ದು. ಸೊಳ್ಳೆಯನ್ನು ಲೋಟದಲ್ಲಿ ಮುಚ್ಚಿಟ್ಟ ಹಾಗೆ ಹಾಡಿತು. ಇದರಲ್ಲಿ ಟ್ರೆಬಲ್ ಜಾಸ್ತಿ ಎಂದು ಅಂಗಡಿಯವನು ಹೇಳಿದ. ಟ್ರೆಬಲ್ ಎಂದರೆ ತೆಳುವಾದ ಸೀಳು ಸದ್ದು. ಮೂರನೆಯದಕ್ಕೆ ಅರವತ್ತು ವಾಟ್ಸ್ ಎಂದು ಅಂಟಿಸಿತ್ತು. ಅದು ಜೋರು ಮಾಡಿದ ಕೂಡಲೇ ಒಡೆದ ಮಡಕೆಯಂತೆ ಗರಗರ ಅಂದಿತು. ಆ ಅಂಗಡಿಯವನಲ್ಲಿ ಇದ್ದ ಒಂದೇ ಒಳ್ಳೆಯ ಗುಣವೆಂದರೆ ಸೋತಾಗ ನಿಜ ಹೇಳುತ್ತಿದ್ದ. "ವಾಟ್ಸ್ ಅಂದ್ರೆ ಜೋರು ಅಷ್ಟೇ ಅಜ್ಜಿ, ಚೆನ್ನಾಗಿರುತ್ತೆ ಅಂತ ಅರ್ಥ ಅಲ್ಲ. ಜೋರು ಕೇಳೋರೇ ಜಾಸ್ತಿ, ಅದಕ್ಕೆ ಅದನ್ನೇ ತರಿಸ್ತೀನಿ."

"ಕೇಳದವ್ರು ಯಾವ್ದು ತಕ್ಕತಾರೆ?"

ಒಳಗಿನಿಂದ ಒಂದನ್ನು ತಂದ. ಇಟ್ಟಿಗೆಯ ಗಾತ್ರ, ಬೂದು ಬಣ್ಣ, ದೀಪ ಇಲ್ಲ, ಮೇಲೆ ಹೆಬ್ಬೆರಳಿಗೆ ಸಿಗುವಂಥ ಗುಂಡಿಗಳು. ಪೆನ್‌ಡ್ರೈವೂ ಹಿಡಿಯುತ್ತದೆ, ಕಾರ್ಡೂ ಹಿಡಿಯುತ್ತದೆ, ಚಾರ್ಜ್ ಮಾಡಿದರೆ ಹಗಲೆಲ್ಲ ಬರುತ್ತದೆ, ಮಂಟಪದ ಮೈಕ್‌ಸೆಟ್ಟಿಗೆ ವೈರ್ ಹಾಕಬಹುದು ಅಂದ. ಬೆಲೆ ನಮ್ಮ ಮಿತಿಯೊಳಗೆ ಇತ್ತು. ಮೊದಲು ಮೆಲ್ಲಗೆ ಹಾಕಿಸಿದೆ. ಮಾತು ಮಾತೂ ಬಿಡಿಬಿಡಿಯಾಗಿ ಬಂತು. ಪೂರ್ತಿ ಜೋರು ಮಾಡಿಸಿ ರಸ್ತೆಯ ಆಚೆಗೆ ಹೋಗಿ ನಿಂತೆ. ಆಟೋ, ಬಸ್ಸುಗಳ ನಡುವೆಯೂ ನನ್ನ ದನಿ ಇದು, ಚಿಕ್ಕತಾಯಮ್ಮನ ದನಿ ಇದು ಎಂದು ಬೇರೆ ಬೇರೆಯಾಗಿ ತಿಳಿಯುತ್ತಿತ್ತು. ಸೊಲ್ಲು ಬಂತು. ಸಿದ್ದಮ್ಮನ ದನಿ ಬಂತು.

ಅಷ್ಟೇ ಬಂತು.

ರಸ್ತೆ ದಾಟಿ ಬಂದು ಡಬ್ಬಕ್ಕೆ ಕಿವಿ ಕೊಟ್ಟು ಇನ್ನೊಂದು ಪದ ಹಾಕಿಸಿದೆ. ಅದರಲ್ಲೂ ಸಿದ್ದಮ್ಮ ಒಬ್ಬಳೇ. ಎರಡು ದನಿಯ ಕೆಲಸ ಮಾಡಲು ಗಂಟಲು ಅಗಲಿಸಿಕೊಂಡು, ಸಾಲಿನ ಕೊನೆಗೆ ಏದುಸಿರು ಬಿಡುತ್ತಿದ್ದಳು. ವಾಲಗದ ಗದ್ದಲದಲ್ಲಿ, ಬೆನ್ನು ಮಾಡಿ ಕೂತ ನನಗೆ ಇದು ಕೇಳಿಸಿರಲಿಲ್ಲ. ಶಾಲೆಯ ಕೋಣೆಯಲ್ಲಿ ಪದ ತುಂಬಿಸುವಾಗಲೂ ನನ್ನ ಗಮನವೆಲ್ಲ ಎದುರಿನ ಮೈಕಿನ ಮೇಲೆ.

"ಆ ಡಬ್ಬ ಕೆಟ್ಟದೆ ಕಣಕ್ಕ" ಅಂದಳು ಮಾದೇವಮ್ಮ. "ಒಂದು ದನಿ ನುಂಗ್ಕತದೆ. ಮೊದ್ಲಿಂದೇ ವಾಸಿ."

ನಾನು ಅವಳ ಮುಖ ನೋಡಿದೆ. ಅವಳು ದೀಪದ ಡಬ್ಬ ನೋಡಿದಳು. ದುಡ್ಡು ಕೊಟ್ಟು ಬೂದು ಡಬ್ಬ ಕಟ್ಟಿಸಿಕೊಂಡೆ.

ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂತು ಕೇಳಿದೆ. "ಯಾವತ್ತಿಂದ ಬರೀ ಬಾಯಿ ಆಡುಸ್ತಿದ್ದೀಯಮ್ಮಿ?"

"ಕತ್ತಲ್ಲಿ ಗಂಟು ತೆಗೆದ್ರಲ್ಲ, ಆವತ್ತಿಂದ." ಹಿಂದಿನ ಬೇಸಿಗೆಯಲ್ಲಿ ಅವಳಿಗೆ ಕುತ್ತಿಗೆಯ ಆಪರೇಷನ್ ಆಗಿತ್ತು. ಮಾತಾಡುವಷ್ಟು ದನಿ ಉಳಿದಿತ್ತು, ಎತ್ತಿ ಹೇಳುವಷ್ಟು ಉಳಿದಿರಲಿಲ್ಲ. "ಮಾತಾಡ್ತೀನಿ. ಎತ್ತಕೋದ್ರೆ ಗಾಳಿ ಬತ್ತದೆ."

"ಸಿದ್ದಿಗೆ ಗೊತ್ತಾ?"

"ಪಕ್ಕದಲ್ಲಿ ಕುಂತವಳ್ಗೆ ಗೊತ್ತಾಗ್ದೆ ಇದ್ದದಾ? ಎರಡಾಳಿನ ಪದ ಒಬ್ಬಳೇ ಏಳ್ತಿದ್ಲು ಪಾಪ."

ಪಾಪವಂತೆ! ಇಬ್ಬರೂ ಸೇರಿ ಹತ್ತಿರ ಹತ್ತಿರ ಒಂದು ವರ್ಷ ನನ್ನ ಬೆನ್ನ ಹಿಂದೆ ಒಂಟಿ ಸೊಲ್ಲು ಕೊಟ್ಟಿದ್ದಾರೆ. ಎಷ್ಟು ಹೆಣ್ಣುಮಕ್ಕಳನ್ನು ಹಾಗೆ ಹಸೆಗೆ ಕರೆದೆವೋ. ನನಗೆ ಮೈ ಉರಿಯಿತು. "ಗಂಟಲು ಓದ್ರೆ ಯಾರ್ದೂ ತಪ್ಪಲ್ಲ. ಮುಚ್ಚಿಟ್ಟೆಯಲ್ಲ, ಅದು ಕಳ್ಳತನ. ಇನ್ಮೇಲೆ ನೀನು ಕೂರಬೇಡ. ಸಿದ್ದಿ ಸೊಸೆ ಕೂರ್ಲಿ, ಅವಳ್ಗೆ ದನಿ ಅದೆ. ಪದ ಮತ್ತೆ ತುಂಬ್ಸನ."

ಅಳುತ್ತಾಳೆ ಎಂದುಕೊಂಡಿದ್ದೆ. ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ, ಎದ್ದು ಹೋಗುತ್ತಿದ್ದೆ. ಅವಳು ಅಳಲಿಲ್ಲ. ಸೆರಗು ಕೊಡವಿಕೊಂಡು ನನ್ನ ಮೇಲೇ ಬಂದಳು.

"ಸರಿ, ಕೂರಕಿಲ್ಲ. ಆ ನಿನ್ನ ಡಬ್ಬನ ಗುಂಡ್ಲುಪೇಟೇಲಿ ಯಾರಕ್ಕ ನಿಲ್ಸರು? ಹೆಣ್ಣು ಬಾಗ್ಲಲ್ಲಿ ಸೀರೆ ತುಳ್ಕಂಡು ನಿಂತ್ಕಂಡ್ಲು ಅನ್ನು. ನಾವಾದ್ರೆ ಪದದ ಅದೇ ಸಾಲ್ನ ಇನ್ನೊಂದ್ಸಲ ತಿರುಗ್ಸ್ತೀವಿ. ಡಬ್ಬಕ್ಕೆ ಕಣ್ಣದಾ? ಅದು ಧಾರೆ ಎರ್ದು, ಬೀಗರ್ಗೆ ಊಟ ಹಾಕಿ, ಹೆಣ್ಣ ಗಂಡನ ಮನೆಗೆ ಕಳ್ಸ್ಬುಡ್ತದೆ. ಹೆಣ್ಣು ಇನ್ನೂ ಬಾಗ್ಲಲ್ಲೇ ಇದ್ದಾಳು!"

ಪಕ್ಕದಲ್ಲಿ ಬಸ್ಸಿಗೆ ಕಾಯುತ್ತಿದ್ದ ಹೆಂಗಸು ನಕ್ಕಳು. ನನಗೆ ನಗು ಬರಲಿಲ್ಲ, ಯಾಕೆಂದರೆ ಅವಳು ಹೇಳಿದ್ದು ಸರಿಯಾಗಿತ್ತು. ಪದ ಹೇಳುವುದು ಅರ್ಧ ಕೆಲಸ. ಹೆಣ್ಣಿನ ಕಾಲು ನೋಡಿಕೊಂಡು ಪದವನ್ನು ಎಳೆಯುವುದು, ಮೊಟಕು ಮಾಡುವುದು ಮಿಕ್ಕರ್ಧ. ಆ ಅರ್ಧ ಪೆನ್‌ಡ್ರೈವಿನೊಳಗೆ ಹೋಗುವುದಿಲ್ಲ. ಅದಕ್ಕೆ ಗಂಟಲೂ ಬೇಕಿಲ್ಲ. ಯಾವ ಪದ ಎಲ್ಲಿ ತಿರುಗುತ್ತದೆ ಎಂದು ತಿಳಿದವಳು ಬೇಕು, ಅಷ್ಟು ತಿಳಿದವಳು ನಮ್ಮನ್ನು ಬಿಟ್ಟರೆ ಇವಳೊಬ್ಬಳೇ.

"ಕಾರ್ ಕಳ್ಸಕೆ ಏಳ್ತೀನಿ" ಅಂದೆ. "ಗುಂಡಿ ಒತ್ತದ ಕಲ್ತ್ಕೊ. ಆದ್ರೆ ನೀನು ಮಾಡಿದ್ದು ಕಳ್ಳತನವೇ."

"ಆಯ್ತು ಬುಡಕ್ಕ, ಕಳ್ಳಿನೇ. ಗುಂಡಿ ಯಾವ್ದು ತೋರ್ಸು."

ಸಿದ್ದಮ್ಮನಿಗೆ ಮನೆಗೆ ಹೋಗಿ ಉಗಿದೆ. ಸೊಸೆಯನ್ನು ಕೂರಿಸಿ ಪದ ಮತ್ತೆ ತುಂಬಿಸಿದೆವು. ಮದುವೆಯ ದಿನ ನಾವು ಹರವೆಗೆ, ಮಾದೇವಮ್ಮ ಡಬ್ಬ ಮಡಿಲಲ್ಲಿಟ್ಟುಕೊಂಡು ಕಾರಿನಲ್ಲಿ ಗುಂಡ್ಲುಪೇಟೆಗೆ. ಅಲ್ಲಿ ನಡೆದದ್ದನ್ನು ಆಮೇಲೆ ಬಸಪ್ಪನವರೇ ಹೇಳಿದರು. ಹಸೆಗೆ ಕರೆಯುವ ಪದ ಅರ್ಧ ಆಗಿದೆ, ಫೋಟೋದವನು ಹೆಣ್ಣನ್ನು ಬಾಗಿಲಲ್ಲೇ ನಿಲ್ಲಿಸಿ ಕತ್ತು ಹಿಂಗೆ ತಿರುಗಿಸಿ, ಹಂಗೆ ತಿರುಗಿಸಿ ಎಂದು ಆಟ ಶುರುಮಾಡಿದ್ದಾನೆ. ಮಾದೇವಮ್ಮ ಪದ ನಿಲ್ಲಿಸಿದ್ದಾಳೆ. ಪದ ನಿಂತದ್ದೇ ತಡ, ಬಸಪ್ಪನವರ ತಾಯಿ ಕೋಲು ಊರಿಕೊಂಡು ಎದ್ದು, "ಯಾವನ್ಲಾ ಅವನು ಪದ ನಿಲ್ಸ್ದವನು?" ಎಂದು ಕೂಗಿದ್ದಾರೆ. ಮಾದೇವಮ್ಮ ಫೋಟೋದವನ ಕಡೆ ಬೆರಳು ತೋರಿಸಿದ್ದಾಳೆ. ಅವನು ಗೋಡೆಗೆ ಅಂಟಿಕೊಂಡು ದಾರಿ ಬಿಟ್ಟ ಮೇಲೆ ಮತ್ತೆ ಗುಂಡಿ ಒತ್ತಿದ್ದಾಳೆ. ಹೆಣ್ಣು ಹಸೆ ಮೇಲೆ ಕೂರುವುದಕ್ಕೂ ಪದ ಮುಗಿಯುವುದಕ್ಕೂ ಸರಿಹೋಯಿತಂತೆ.

ಅಲ್ಲಿಂದ ಅವಳನ್ನು ಹಿಡಿಯುವವರಿಲ್ಲ. ಡಬ್ಬಕ್ಕೆ ಜರಿಯಂಚಿನ ಬಟ್ಟೆಯ ಚೀಲ ಹೊಲಿಸಿದಳು. ಮಂಟಪದ ಮೈಕಿನವರಿಗೆ ವೈರ್ ಎಲ್ಲಿ ಚುಚ್ಚಬೇಕೆಂದು ತಾನೇ ಹೇಳುತ್ತಿದ್ದಳು. ಕೆಲವು ಮನೆಯವರು ನಾವು ಬಿಡುವಾಗಿದ್ದರೂ "ಮಾದೇವಮ್ಮನ್ನೇ ಕಳ್ಸಿ, ಬೇಗ ಮುಗೀತದೆ" ಅನ್ನತೊಡಗಿದರು. ಬೇಗ ಮುಗಿಯುವುದಕ್ಕೆ ಮದುವೆ ಯಾಕೆ ಮಾಡಬೇಕು, ರಿಜಿಸ್ಟರ್ ಆಫೀಸಿಗೆ ಹೋಗಿ ಸಹಿ ಮಾಡಿ ಬರಲಿ.

ಹೋದ ವರ್ಷ ಸೀಮಂತದ ಪದಗಳನ್ನೂ ತುಂಬಿಸಿದೆವು. ಸರಿ ಬಂದಿದೆಯೇ ನೋಡಲು ನಮ್ಮ ಮನೆಯ ಜಗುಲಿಯಲ್ಲಿ ಎಲ್ಲರೂ ಕೂತೆವು. ಮಾದೇವಮ್ಮ ಡಬ್ಬ ಹಾಕಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಒಂದು ಕಡೆ ನಿಲ್ಲಿಸಿದಳು.

"ಅಕ್ಕ, ಸಾಲು ಮುಗಿಯೋ ಕಡೆ ನಿನ್ನ ದನಿ ಕೆಳಕ್ಕೆ ಜಾರ್ತದೆ. ಚಿಕ್ಕತಾಯಕ್ಕ ಎತ್ಕಂಡು ಓಯ್ತಾವಳೆ."

ಚಿಕ್ಕತಾಯಮ್ಮ ಸೆರಗಿನ ತುದಿ ನೋಡುತ್ತಾ ಕೂತಳು. ಮಾದೇವಮ್ಮನ ಮುಖದಲ್ಲಿ ಸೇಡೂ ಇರಲಿಲ್ಲ, ಮರುಕವೂ ಇರಲಿಲ್ಲ. ಮರುಕ ಇದ್ದಿದ್ದರೆ ಆ ಡಬ್ಬವನ್ನು ಅವಳ ತಲೆಗೇ ಹಾಕುತ್ತಿದ್ದೆ.

"ಇನ್ನೊಂದ್ಸಲ ಆಕು" ಅಂದೆ. ಹಾಕಿದಳು. ಬೇರೆ ಪದ ಹಾಕಿಸಿದೆ, ಅದರಲ್ಲೂ ಅದೇ. ಮುಂದಿನ ಮದುವೆಯಿಂದ ನನ್ನ ಜಾಗದಲ್ಲಿ ಚಿಕ್ಕತಾಯಮ್ಮ ಮುಂದಾಳಾದಳು, ಅವಳ ಪಕ್ಕಕ್ಕೆ ಅವಳ ಮಗಳು ಬಂದಳು. ನಾನು ಮನೆಯಲ್ಲಿದ್ದೇನೆ.

ಪದ ಹೇಳುವ ಕಸುಬು ನನಗೆ ಕಲಿಸಿದ್ದನ್ನು ಡಬ್ಬ ಕೊಳ್ಳಲು ಹೊರಟವರಿಗೆ ಹೇಳುತ್ತೇನೆ. ಅಂಗಡಿಯವನು ಹಾಕುವ ಹಾಡು ಕೇಳಬೇಡಿ, ಅದು ಎಂಥ ಡಬ್ಬದಲ್ಲೂ ಚೆನ್ನಾಗಿರುತ್ತದೆ. ನಿಮಗೆ ಚೆನ್ನಾಗಿ ಗೊತ್ತಿರುವ ದನಿಯನ್ನು ತೆಗೆದುಕೊಂಡು ಹೋಗಿ, ಮೆಲ್ಲಗೆ ಒಮ್ಮೆ, ಜೋರಾಗಿ ಒಮ್ಮೆ, ದೂರ ನಿಂತು ಒಮ್ಮೆ ಕೇಳಿ. ಆ ದನಿಯನ್ನು ಇದ್ದ ಹಾಗೆ ಹೇಳುವ ಡಬ್ಬ ಕಡಿಮೆ ಬೆಲೆಗೂ ಸಿಗುತ್ತದೆ. ಆಮೇಲೆ ಅದು ಹೇಳಿದ್ದನ್ನು ಕೇಳಿಸಿಕೊಳ್ಳುವ ಗುಂಡಿಗೆ ನಿಮ್ಮಲ್ಲಿರಬೇಕು. ಇಲ್ಲವಾದರೆ ದೀಪ ಕುಣಿಯುವುದನ್ನೇ ತೆಗೆದುಕೊಳ್ಳಿ, ಅಂಗಡಿ ತುಂಬ ಅದೇ ಇದೆ.