ಬೀದಿಯಲ್ಲಿ ನಿಂತ ಸಣ್ಣಮ್ಮ

ಅಣ್ಣನ ಮಗಳು ಮಂಡ್ಯದಲ್ಲಿ ನರ್ಸಿಂಗ್ ಓದುತ್ತಾಳೆ. ಸಂಜೆ ಮನೆಗೆ ಬಂದಾಗ ಅವಳ ದುಪಟ್ಟಾದಲ್ಲಿ ಸ್ಪಿರಿಟ್ಟಿನ ವಾಸನೆ. ಬೇರೆಯವರಿಗೆ ಅದರಿಂದ ಆಸ್ಪತ್ರೆ ನೆನಪಾಗಬಹುದು. ನನಗೆ ನೆನಪಾಗುವುದು ಕಾಫಿ. ನಗಬೇಡಿ, ಹೇಳುತ್ತೇನೆ.

ನಾನು ಕೊತ್ತತ್ತಿಯವಳು. ನರ್ಸಮ್ಮನಾಗಿ ಮೊದಲು ಹೋದದ್ದು ಕಿರುಗಾವಲಿನ ಕಡೆಯ ಒಂದು ಹಳ್ಳಿಗೆ. ತಿಂಗಳಿಗೊಮ್ಮೆ ಬಸ್ಸಿಳಿದು, ಲಸಿಕೆಯ ಡಬ್ಬಿ ಹೊತ್ತು, ನೇರ ಗೌಡರ ಮನೆಯ ಜಗಲಿಗೆ ಹೋಗುತ್ತಿದ್ದೆ. ನೆರಳಿತ್ತು, ಕುರ್ಚಿಯಿತ್ತು, ಗೌಡರ ಹೆಂಡತಿ ಕೊಡುವ ಗಟ್ಟಿ ಹಾಲಿನ ಕಾಫಿಯಿತ್ತು. ಸ್ಪಿರಿಟ್ಟಿನ ಕೈಯಲ್ಲೇ ಲೋಟ ಹಿಡಿಯುತ್ತಿದ್ದೆ. ನಮ್ಮವರ ಮನೆ, ನಮ್ಮವರ ಮಾತು; ಬೇರೆ ಜಾಗ ಹುಡುಕುವ ಯೋಚನೆಯೇ ಬರಲಿಲ್ಲ.

ದಲಿತರ ಕೇರಿಯ ಮಕ್ಕಳು ಬರುತ್ತಿರಲಿಲ್ಲ. ಪುಸ್ತಕದಲ್ಲಿ 'ಬಂದಿಲ್ಲ' ಎಂದು ಬರೆಯುತ್ತಿದ್ದೆ. ನನ್ನ ಅಕ್ಷರ ದುಂಡಗಿದೆಯೆಂದು ಡಾಕ್ಟರೇ ಹೊಗಳಿದ್ದರು.

ಒಂದು ಬೇಸಿಗೆಯಲ್ಲಿ ಕೇರಿಗೆ ದಡಾರ ಬಂತು. ಸಣ್ಣಮ್ಮನ ಒಂದೂವರೆ ವರ್ಷದ ಮಗಳು ಮಾದೇವಿ, ಮಳವಳ್ಳಿಯ ಆಸ್ಪತ್ರೆಗೆ ಹೋಗುವ ಬಸ್ಸಿನಲ್ಲೇ ತೀರಿಕೊಂಡಳು. ಮರುದಿನ ಹೋದೆ. ಆ ಕೇರಿಗೆ ನಾನು ಕಾಲಿಟ್ಟದ್ದು ಅದೇ ಮೊದಲು. ಸಮಾಧಾನ ಹೇಳುವುದು ಬಿಟ್ಟು ಗದರಿದೆ: "ಸೂಜಿ ಹಾಕ್ಸಾಕೆ ಯಾಕಮ್ಮ ಕರ್ಕಂಡು ಬರ್ನಿಲ್ಲ?"

ಸಣ್ಣಮ್ಮ ದನಿಯೆತ್ತಲಿಲ್ಲ. "ಬಂದಿದ್ದೆ ಕಣಮ್ಮ. ಎಲ್ಡು ಸಲ ಬಂದಿದ್ದೆ. ಗೌಡ್ರ ಜಗ್ಲಿ ನಾವು ಅತ್ತಂಗಿಲ್ವಲ್ಲ, ಮಗೀನ ಎತ್ಕಂಡು ಬೀದೀಲೇ ನಿಂತಿದ್ದೆ. ನೀವು ಕಾಪಿ ಕುಡೀತಿದ್ರಿ. ಈಗ ನೋಡ್ತೀರೇನೋ, ಈಗ ನೋಡ್ತೀರೇನೋ ಅಂತ ನಿಂತೆ. ಬಿಸ್ಲಿಗೆ ಮಗು ಅಳ್ತು, ಒಂಟೋದೆ."

"ಕೂಗಬಾರ್ದಿತ್ತಾ?"

"ಕೂಗಿದ್ರೆ ಇಳ್ದು ಬತ್ತಿದ್ರಾ?"

ಬರುತ್ತಿದ್ದೆನೇ? ನನಗೆ ಗೊತ್ತಿಲ್ಲ.

ಮುಂದಿನ ತಿಂಗಳು ಕೇರಿಯ ಹೊಂಗೆಮರದ ಕೆಳಗೆ ಕೂತೆ. "ನಮ್ ಮಕ್ಳನ್ನ ಅಲ್ಲಿಗೆ ಕಳ್ಸಾಕಾಯ್ತದಾ?" ಎಂದು ಗೌಡರ ಹೆಂಡತಿ ಹೇಳಿ ಕಳಿಸಿದರು. ಒಂದಷ್ಟು ಗೊಣಗಾಟವಾಗಿ, ಕೊನೆಗೆ ಶಾಲೆಯ ವರಾಂಡದಲ್ಲಿ ಎಲ್ಲರೂ ಸೇರಿದರು. ಅಷ್ಟು ಸುಲಭದ ಕೆಲಸ. ಅದೇ ಇವತ್ತಿಗೂ ಸುಡುತ್ತದೆ. ಸಣ್ಣಮ್ಮ ಆಮೇಲೆ ಹುಟ್ಟಿದ ಮಗನನ್ನು ತಪ್ಪದೆ ತಂದಳು. ನನ್ನ ಮುಖ ಮಾತ್ರ ಒಮ್ಮೆಯೂ ನೋಡಲಿಲ್ಲ.

ನಿನ್ನೆ ಅಣ್ಣನ ಮಗಳು ಪರೀಕ್ಷೆಗೆಂದು ಗಟ್ಟಿಯಾಗಿ ಓದುತ್ತಿದ್ದಳು. ಆರೋಗ್ಯವೂ ಸಾಮಾಜಿಕ ನ್ಯಾಯದ ಪ್ರಶ್ನೆ ಎಂದು ಒಂದು ಪುಟದಲ್ಲಿತ್ತು. ಮುಂದಿನ ಪುಟದಲ್ಲೇ, ಮಕ್ಕಳಿಗೆ ಲಸಿಕೆ ತಪ್ಪಲು ಮೊದಲ ಕಾರಣ ತಾಯಂದಿರ ಅಜ್ಞಾನ ಎಂದಿತ್ತು.

"ಆ ಸಾಲನ್ನ ಹೊಡ್ದಾಕು" ಎಂದೆ.

"ಮಾರ್ಕ್ಸ್ ಹೋಯ್ತದೆ ಅತ್ತೆ."

"ಪರೀಕ್ಷೇಲಿ ಬೇಕಾದ್ರೆ ಬರಿ. ಕೆಲ್ಸಕ್ಕೆ ಸೇರುದ್ಮೇಲೆ ಬರೀಬ್ಯಾಡ."

ಅವಳು ಪುಸ್ತಕ ಮುಚ್ಚಿ, "ಯಾಕತ್ತೆ?" ಎಂದಳು.

ಇಷ್ಟು ವರ್ಷ ಮನೆಯಲ್ಲಿ ಯಾರ ಮುಂದೆಯೂ ಎತ್ತದ ಮಾದೇವಿಯ ಹೆಸರನ್ನು ಬಾಯಿಬಿಟ್ಟು ಹೇಳಿದೆ.