ಸಾಹೇಬರ ಗಂಟಲು ಕಟ್ಟಿದ ವಾರ

ಅಥಣಿ ಹತ್ತಿರದ ಒಣದ್ರಾಕ್ಷಿ ಘಟಕವೊಂದರಲ್ಲಿ ನಾನು ಪ್ಯಾಕಿಂಗ್ ನೋಡಿಕೊಳ್ಳುತ್ತೇನೆ. ನಮ್ಮ ಮ್ಯಾನೇಜರ್ ಸಾಹೇಬರು ಕೆಟ್ಟವರಲ್ಲ. ದನಿ ಮಾತ್ರ ದೊಡ್ಡದು. ಗೇಟಿನಲ್ಲಿ ನಮಸ್ಕಾರ ಅಂದರೂ ಯಾರನ್ನೋ ಬೈಯುತ್ತಿದ್ದಾರೆ ಎಂದೇ ಒಳಗೆ ಕೇಳಿಸುತ್ತಿತ್ತು. ಕನ್ನಡದಲ್ಲಿ ಶುರುವಾದ ಬೈಗುಳ ಸಿಟ್ಟು ಏರಿದಂತೆ ಮರಾಠಿಗೆ ದಾಟುತ್ತಿತ್ತು. ಆಗ ನಾವೆಲ್ಲ ತಲೆ ತಗ್ಗಿಸಿ, ಕೆಲಸ ಮಾಡುವವರಂತೆ ಕಾಣಿಸುವ ಕೆಲಸಕ್ಕೆ ತೊಡಗುತ್ತಿದ್ದೆವು. ಅವರು ಅತ್ತ ಹೋದರೆ ಇತ್ತ ಕೈಗಳು ನಿಲ್ಲುತ್ತಿದ್ದವು.

ಅವರ ಮುಖ್ಯ ಸಿಟ್ಟು ದ್ರಾಕ್ಷಿ ಸಾಗಿಬರುವ ಬೆಲ್ಟಿನ ಮುಂದೆ ಕೂತು ಕಡ್ಡಿ, ಕಸ ಆರಿಸುವ ಹೆಂಗಸರ ಮೇಲೆ. "ಘಳಿಗಿಗೊಮ್ಮೆ ಕಣ್ಣ ಒರಸ್ಕೋತ ಕುಂದರತಾರ. ಕೆಲಸಕ್ಕ ಬಂದಾರೋ, ಅಳಾಕ ಬಂದಾರೋ?"

ಹೋದ ವರ್ಷ ಹಂಗಾಮಿನ ನಡುವೆ ಅವರ ಗಂಟಲು ಕಟ್ಟಿತು. ಒಂದು ವಾರ ಪಿಸುಮಾತೂ ಆಡಕೂಡದೆಂದು ಮಿರಜಿನ ಡಾಕ್ಟರು ಹೇಳಿ ಕಳಿಸಿದರು. ಸಾಹೇಬರು ಮನೆಯಲ್ಲಿ ಕೂರುವವರಲ್ಲ. ಕೊರಳಿಗೆ ಮಫ್ಲರ್ ಸುತ್ತಿಕೊಂಡು ಬಂದರು. ಮೊದಲ ದಿನ ದೂರದಿಂದಲೇ ಕೈ ಬೀಸಿ ಬೈಯಲು ನೋಡಿದರು. ನಮಗದು ಯಾರನ್ನೋ ಬಸ್ಸು ಹತ್ತಿಸಿ ಕಳಿಸುತ್ತಿರುವಂತೆ ಕಂಡಿತು; ಒಬ್ಬಿಬ್ಬರು ತಿರುಗಿ ಕೈ ಬೀಸಿದರು.

ಬೇರೆ ದಾರಿಯಿಲ್ಲದೆ ಮರುದಿನ ಹತ್ತಿರವೇ ಬಂದು, ಬೆಲ್ಟಿನ ಪಕ್ಕ ಹೆಂಗಸರ ಜೊತೆ ನಿಂತರು. ಸ್ವಲ್ಪ ಹೊತ್ತಿಗೆ ಅವರ ಕಣ್ಣಲ್ಲೂ ನೀರು ಬಂತು. ಕಣ್ಣುಜ್ಜುತ್ತ, ಇದೇನು ಎಂಬಂತೆ ಕೈ ತಿರುವಿದರು.

ಹೆಂಗಸರಲ್ಲಿ ಹಿರಿಯಳೊಬ್ಬಳು ಹೇಳಿದಳು: "ಆ ದೊಡ್ಡ ಫ್ಯಾನ್ ನೋಡ್ರಿ ಸಾಹೇಬ್ರ. ಧೂಳೆಲ್ಲಾ ನಮ್ಮ ಕಣ್ಣಾಗ ಹೊಡಿತೈತಿ."

ಮೊದಲೇ ಯಾಕೆ ಹೇಳಲಿಲ್ಲ ಎಂದು ಸನ್ನೆ ಮಾಡಿದರು.

"ನೀವ್ ಮಾತ ನಿಲ್ಲಿಸಿದ್ದ ನಿನ್ನಿ ಹೌದಲ್ರಿ?"

ಬೆಲ್ಟಿನುದ್ದಕ್ಕೂ ಎಲ್ಲರೂ ಅವರತ್ತ ತಿರುಗಿದೆವು. ಸಾಹೇಬರ ಬಾಯಿ ತೆರೆಯಿತು, ದನಿ ಬರಲಿಲ್ಲ. ಆಮೇಲೆ ಭುಜ ಕುಣಿಯತೊಡಗಿತು. ಅವರು ನಗುತ್ತಿದ್ದಾರೆಂದು ತಿಳಿಯಲು ನಮಗೆ ಕೊಂಚ ಹೊತ್ತು ಬೇಕಾಯಿತು. ಸ್ಟೂಲು ತರಿಸಿ, ತಾವೇ ಹತ್ತಿ, ಫ್ಯಾನನ್ನು ಆಚೆ ತಿರುಗಿಸಿದರು.

ಆ ಸಂಜೆ ಹೆಂಗಸರನ್ನು ಊರಿಗೆ ಒಯ್ಯುವ ಟಂಟಂ ಗೇಟಿನಲ್ಲಿ ಹಾರ್ನ್ ಹೊಡೆಯಿತು. ಬೇರೆ ದಿನ ಆ ಸದ್ದಿಗೇ ಎದ್ದು ಓಡುವವರು, "ಇನ್ನೊಂದೀಟ ಉಳದೈತಿ, ತಡಿಯಪಾ" ಎಂದು ಕೂಗಿ, ಉಳಿದ ರಾಶಿಯನ್ನು ಆರಿಸಿಕೊಟ್ಟೇ ಎದ್ದರು. ಯಾರೂ ಅವರನ್ನು ಕೇಳಿರಲಿಲ್ಲ. ಕೇಳಬೇಕಾದವರಿಗೆ ದನಿಯೇ ಇರಲಿಲ್ಲ.

ವಾರದ ಮೇಲೆ ದನಿ ಮರಳಿತು, ಮರಾಠಿ ಸಮೇತ. ಆದರೆ ಈಗ ಬೈಯುವ ಮುನ್ನ ಹತ್ತಿರ ಬಂದು, "ಏನಾಗೇತಿ?" ಎಂದು ಕೇಳುತ್ತಾರೆ. ಉತ್ತರ ಮುಗಿಯುವವರೆಗೆ ಕಾಯುವುದು ಅವರಿಗೆ ಎಷ್ಟು ಕಷ್ಟ ಎಂಬುದು ಮುಖದಲ್ಲೇ ಕಾಣುತ್ತದೆ. ಪಾಪ ಅನ್ನಿಸಿ ನಾವೂ ಚುಟುಕಾಗಿ ಹೇಳಿ ಮುಗಿಸುತ್ತೇವೆ.

ಈಚೆಗೆ ಕಾಗವಾಡದ ಕಡೆಯ ಘಟಕವೊಂದರಿಂದ ನನಗೆ ಕರೆ ಬಂತು. ಸಂಬಳವೂ ಹೆಚ್ಚು. ಒಲ್ಲೆನೆಂದೆ. ಯಾಕೆಂದು ಹೆಂಡತಿ ಕೇಳಿದಳು. ಬಸ್ಸಿನ ಅನುಕೂಲ ಇಲ್ಲ ಎಂದೆ.

"ತಾಸಿಗೊಂದ ಬಸ್ ಐತೆಲ್ರಿ" ಎಂದಳು.

ನಾನು ಊಟಕ್ಕೆ ಬಡಿಸಲು ಹೇಳಿದೆ.