ಒಳಗಿನ ಹೊಸದಕ್ಕೆ ಕುಂಕುಮ

ಬಿಸಿಯಾಗಬಾರದೆಂದು ನಾನು ಮುಚ್ಚಳ ತೆಗೆದಿಟ್ಟಿದ್ದ ಕಂಪ್ಯೂಟರಿನೊಳಗೆ ಅತ್ತೆಯವರ ಒದ್ದೆ ಕೈ ಹೋಗುತ್ತಿತ್ತು. ಕರೆಂಟು ಇನ್ನೂ ಇತ್ತು. ನಾನು ಆಗಷ್ಟೇ ಹೊಸ ವಿಂಡೋಸ್ ತಂತ್ರಾಂಶ ಹಾಕಿ, ಕರಿ ಪರದೆಯ ಬದಲು ಮೂಡಿದ ಬಣ್ಣದ ಚಿತ್ರಗಳನ್ನು ನೋಡಿ ಹಿಗ್ಗುತ್ತಿದ್ದೆ. ಹಾರಿ ಹೋಗಿ ಗೋಡೆಯ ಪ್ಲಗ್ ಕಿತ್ತೆ.

“ಹೊಸಾದು ಒಳಗ ಹಾಕೇನಿ ಅಂದ್ಯಲ್ಲವಾ, ಕುಂಕುಮ ಹಚ್ಚಾಕ ಅದನ್ನ ಹುಡುಕಾಕತ್ತಿದ್ದೆ!” ಎಂದರು. ಜಮಖಂಡಿಯ ನಮ್ಮ ಮನೆಯಲ್ಲಿ ಕುಂಕುಮ ಹಚ್ಚದೆ ಹೊಸ ವಸ್ತು ಬಳಸುವುದಿಲ್ಲ.

ಮುಚ್ಚಳ ಹಾಕಿ ಮತ್ತೆ ಚಾಲೂ ಮಾಡಿದಾಗ, ಸರಿಯಾಗಿ ಬಂದ್ ಮಾಡಿಲ್ಲವೆಂದು ಪರದೆಯ ಮೇಲೆ ತಕರಾರು ಬಂತು.

“ಏನಂತೈತಿ ಅದು?”

“ಹೇಳದ ಕೇಳದ ಬಂದ್ ಮಾಡಿದಿ ಅಂತ ನನಗ ಬೈಯಾಕತ್ತೈತ್ರಿ.”

ಹಾಗೆ ಬಂದ್ ಮಾಡಿದ್ದರಿಂದಲೇ ಅತ್ತೆಯವರ ಒದ್ದೆ ಬೆರಳಿಗೆ ಕರೆಂಟು ತಾಗಲಿಲ್ಲ. ಅಷ್ಟು ಹೆಮ್ಮೆಯಿಂದ ನಾನು ಯಾರ ಬೈಗುಳವನ್ನೂ ಕೇಳಿಸಿಕೊಂಡಿಲ್ಲ.